ಲಿಂಕ್ ಒತ್ತಿದವರನ್ನು ಬೈದು ಏನು ಉಪಯೋಗ?

ಆಫೀಸಿನಲ್ಲಿ ಯಾರದ್ದಾದರೂ ಮೇಲ್ ಖಾತೆ ಕಳ್ಳರ ಕೈಗೆ ಸಿಕ್ಕಿತು ಅಂದ್ಕೊಳ್ಳಿ. ಮೊದಲು ಬರುವ ಪ್ರಶ್ನೆ, "ಆ ಲಿಂಕ್ ಒತ್ತಿದ್ದು ಯಾರು?" ಹೆಸರು ಸಿಕ್ಕಿದರೆ ತನಿಖೆ ಮುಗಿಯಿತು. ಒಂದು ಶನಿವಾರ ಎಲ್ಲರನ್ನೂ ಕೂರಿಸಿ ತರಬೇತಿ, ಪಿಪಿಟಿ, ಬೋಂಡಾ, ಕಾಫಿ. ಸೋಮವಾರದಿಂದ ಮತ್ತೆ ಅದೇ ಪಾಸ್‌ವರ್ಡ್.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಕಂಪನಿಗಳಿಗೂ, ಕೆಲವು ಆಡಿಟರ್ ಆಫೀಸುಗಳಿಗೂ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವನು ನಾನು. ಒಂದು ಕಡೆ ಅಕೌಂಟ್ಸ್ ಮೇಡಂ ಒಬ್ಬರು ಕೊಟೇಶನ್ ಅಂತ ಬಂದ ಲಿಂಕ್ ತೆರೆದರು. ಮೈಕ್ರೋಸಾಫ್ಟ್ ಲಾಗಿನ್ ಪುಟ ಬಂತು. ಪಾಸ್‌ವರ್ಡ್ ಹಾಕಿದರು. ಫೋನಿಗೆ ಬಂದ ಕೋಡನ್ನೂ ಹಾಕಿದರು. ಪುಟ ನಕಲಿ. ಆಮೇಲೆ ಅವರ ಹೆಸರಿನಲ್ಲೇ ಖರೀದಿದಾರರಿಗೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಮೇಲ್ ಹೋಯಿತು. ಪುಣ್ಯಕ್ಕೆ ಅವರು ದುಡ್ಡು ಹಾಕುವ ಮುಂಚೆ ಫೋನ್ ಮಾಡಿ ಕೇಳಿದರು. ಆದರೂ ಮೇಡಂ ಕೈಲಿ ತಪ್ಪೊಪ್ಪಿಗೆ ಪತ್ರ ಬರೆಸಿಕೊಂಡರು. ಅವರು ಮಾಡಿದ ತಪ್ಪಾದರೂ ಏನು? ಕೇಳಿದ್ದನ್ನು ಕೇಳಿದ ಜಾಗದಲ್ಲಿ ಹಾಕಿದರು. ದಿನಾ ಮಾಡುವ ಕೆಲಸವೇ ಅದು.

ಫೋನಿಗೆ ಓಟಿಪಿ ಬರುತ್ತಲ್ಲ, ಮತ್ತೇನು ಭಯ ಅಂತ ಜಾಸ್ತಿ ಜನ ನಂಬಿದ್ದಾರೆ. ಈಗಿನ ನಕಲಿ ಪುಟಗಳು ನೀವು ಹಾಕಿದ್ದನ್ನು ಬರೆದಿಟ್ಟುಕೊಂಡು ಸುಮ್ನಿರಲ್ಲ. ಅದೇ ಕ್ಷಣ ಅಸಲಿ ಸೈಟಿಗೆ ದಾಟಿಸುತ್ತವೆ. ಅಸಲಿ ಸೈಟು ಓಟಿಪಿ ಕೇಳುತ್ತದೆ, ನಕಲಿ ಪುಟ ನಿಮ್ಮನ್ನು ಕೇಳುತ್ತದೆ, ನೀವು ಕೊಡುತ್ತೀರಿ. ಲಾಗಿನ್ ಆದ ಮೇಲೆ ಸಿಗುವ ಸೆಷನ್ ಕುಕಿ, ಅಂದರೆ ನೀವು ಒಳಗೆ ಬಂದಾಗಿದೆ ಅನ್ನುವ ಗುರುತುಚೀಟಿ, ಕಳ್ಳನ ಹತ್ತಿರ ಉಳಿಯುತ್ತದೆ. ಅಲ್ಲಿಂದ ಮುಂದೆ ಅವನಿಗೆ ನಿಮ್ಮ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ.

ಓದಿದವರು, ತಿಳಿದವರು ಬೀಳಲ್ಲ ಅನ್ನುವವರಿಗೆ ನಾನು ಹೇಳುವುದು 2022ರ ಕ್ಲೌಡ್‌ಫ್ಲೇರ್ ಕಥೆ. ಇಂಟರ್ನೆಟ್ ಭದ್ರತೆಯೇ ಅವರ ಕಸುಬು. ಅಲ್ಲಿನ ನೌಕರರಿಗೆ ನಕಲಿ ಲಾಗಿನ್ ಪುಟದ ಮೆಸೇಜ್ ಬಂತು. ಮೂವರು ಪಾಸ್‌ವರ್ಡ್ ಹಾಕಿಯೇಬಿಟ್ಟರು. ಆದರೂ ಕಳ್ಳರು ಒಳಗೆ ಬರಲಿಲ್ಲ. ಎಲ್ಲ ನೌಕರರ ಹತ್ತಿರವೂ ಸೆಕ್ಯುರಿಟಿ ಕೀ, ಅಂದರೆ ಲಾಗಿನ್‌ಗೆಂದೇ ಇರುವ ಪುಟ್ಟ ಯುಎಸ್‌ಬಿ ಸಾಧನ, ಇತ್ತು, ಅದಿಲ್ಲದೆ ಲಾಗಿನ್ ಆಗುತ್ತಿರಲಿಲ್ಲ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಇದೇ ಥರದ ಮೆಸೇಜಿನಿಂದ ಟ್ವಿಲಿಯೊ ಕಂಪನಿಯ ಒಳಗೆ ಕಳ್ಳರು ನುಗ್ಗಿದ್ದರು. ಇವರ ನೌಕರರು ಜಾಣರು, ಅವರ ನೌಕರರು ದಡ್ಡರು ಅಂತ ಅಲ್ಲ. ಇವರ ಲಾಗಿನ್ ಬೇರೆ ಥರ ಇತ್ತು. ಗೂಗಲ್ ಕೂಡ 2018ರಲ್ಲಿ ಹೇಳಿತ್ತು: 2017ರ ಆರಂಭದಿಂದ ಎಲ್ಲರಿಗೂ ಕೀ ಕಡ್ಡಾಯ ಮಾಡಿದ ಮೇಲೆ, 85,000ಕ್ಕೂ ಜಾಸ್ತಿ ನೌಕರರಲ್ಲಿ ಒಬ್ಬರ ಕೆಲಸದ ಖಾತೆಯೂ ಫಿಶಿಂಗ್‌ನಿಂದ (ಇಂಥ ನಕಲಿ ಪುಟ, ಮೆಸೇಜಿನ ಮೋಸದಿಂದ) ಹೋಗಿಲ್ಲ ಅಂತ.

ಈ ಕೀ, ಪಾಸ್‌ಕೀ (ಫೋನಿನಂಥ ಸಾಧನದ ಒಳಗೇ ಇದ್ದು ಬೆರಳು ಅಥವಾ ಪಿನ್‌ನಿಂದ ತೆರೆಯುವ ಕೀ), ಕಂಪನಿ ಲ್ಯಾಪ್‌ಟಾಪಿನ ವಿಂಡೋಸ್ ಹಲೋ (ಬೆರಳು, ಮುಖ ಅಥವಾ ಪಿನ್‌ನಿಂದ ಲಾಗಿನ್ ಆಗುವ ಸೌಲಭ್ಯ) ಎಲ್ಲದರ ಒಳಗೂ ಒಂದೇ ಲೆಕ್ಕಾಚಾರ. ನೋಂದಣಿ ಮಾಡುವಾಗ ಎರಡು ಕೀ ಹುಟ್ಟುತ್ತವೆ. ಒಂದು ಸರ್ವರಿಗೆ ಹೋಗುತ್ತದೆ, ಅದು ಗುಟ್ಟಲ್ಲ. ಇನ್ನೊಂದು ಗುಟ್ಟು, ಅದನ್ನು ಸರ್ವರಿಗೆ ಕಳಿಸುವುದೇ ಇಲ್ಲ. ಜೊತೆಗೆ ಅದು ಯಾವ ಸೈಟಿನ ವಿಳಾಸಕ್ಕೆ ಸೇರಿದ್ದು ಅಂತ ಅದರಲ್ಲೇ ದಾಖಲಾಗಿರುತ್ತದೆ. ನಕಲಿ ಪುಟ ನೋಡಲು ಎಷ್ಟೇ ಚೆಂದ ಇರಲಿ, ವಿಳಾಸ ಬೇರೆ. ಬ್ರೌಸರ್ ಕೀಯನ್ನು ಮುಟ್ಟಲು ಬಿಡುವುದಿಲ್ಲ. ಅಕ್ಷರ ಅಕ್ಷರ ಹೋಲಿಸಿ ನೋಡುವ ಕೆಲಸ ನಮ್ಮ ಮೇಡಂದಲ್ಲ, ಬ್ರೌಸರಿನದ್ದು. ನನಗೆ ಬೇಕಾಗಿದ್ದು ಇದೇ. ಕೊಡಬೇಡ, ಕೊಡಬೇಡ ಅಂತ ಎಚ್ಚರಿಸುವ ಬದಲು, ಕೊಡಲು ಕೈಯಲ್ಲಿ ಏನೂ ಇಲ್ಲದಂತೆ ಮಾಡುವುದು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಆಫೀಸುಗಳಲ್ಲಿ ಓಟಿಪಿ ಹೇಳುವುದೇ ಕೆಲಸ. ಸರಸ್ವತಿಪುರಂನ ಯಾವುದೇ ಆಡಿಟರ್ ಆಫೀಸಿಗೆ ಜಿಎಸ್‌ಟಿ ರಿಟರ್ನ್ ದಿನ ಹೋಗಿ ನೋಡಿ. "ಅಣ್ಣ, ಓಟಿಪಿ ಬಂತಾ? ಹೇಳಿ." ಆ ಕಡೆ ಮಂಡ್ಯದ ಬೆಲ್ಲದ ಮಂಡಿಯಿಂದ ಆರು ಅಂಕಿ ಕೂಗಿ ಹೇಳುತ್ತಾರೆ. ದಿನವಿಡೀ ಹೀಗೆ ಮಾಡಿಸಿ, ಗೋಡೆ ಮೇಲೆ "ಓಟಿಪಿ ಯಾರಿಗೂ ಹೇಳಬೇಡಿ" ಅಂತ ಅಂಟಿಸಿದರೆ ಯಾರು ಕೇಳುತ್ತಾರೆ?

ಇನ್ನು ಯುಎಸ್‌ಬಿ ಕೀ ಅಂದ ಕೂಡಲೇ "ಅಯ್ಯೋ ಸರ್, ಇದೆಲ್ಲ ನಮ್ಮ ಸ್ಟಾಫಿಗೆ ಆಗಲ್ಲ" ಅನ್ನುವವರೂ ಇದೇ ಆಡಿಟರ್‌ಗಳೇ. ಅವರ ಬೀರು ತೆರೆದರೆ ಕ್ಲೈಂಟುಗಳ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್‌ಗಳು ಡಬ್ಬಿ ತುಂಬ ಇರುತ್ತವೆ! ಅದೂ ಪಿನ್ ಹಾಕಿ ಬಳಸುವ ಯುಎಸ್‌ಬಿಯೇ, ಅದರೊಳಗೂ ಇರುವುದು ಇಂಥದೇ ಗುಟ್ಟು ಕೀ. ಬಳಸಲು ಎಲ್ಲರಿಗೂ ಚೆನ್ನಾಗಿ ಬರುತ್ತದೆ. ನನ್ನ ಭಯ ಬೇರೆ. ಪ್ರತಿ ಟೋಕನ್ ಮೇಲೂ ಸ್ಟಿಕ್ಕರ್, ಸ್ಟಿಕ್ಕರ್ ಮೇಲೆ ಪಿನ್. ಆಫೀಸ್ ಲಾಗಿನ್ ಕೀಗಳೂ ಅದೇ ಡಬ್ಬಿ ಸೇರಿದರೆ ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಕೀ ಒಬ್ಬರದ್ದು, ಒಬ್ಬರ ಹತ್ತಿರವೇ ಇರಬೇಕು. ನಾಲ್ಕು ಜನ ಸೇರಿ ಒಂದೇ "ಸೇಲ್ಸ್" ಖಾತೆ ಬಳಸುವ ಪದ್ಧತಿ ಮೊದಲು ನಿಲ್ಲಬೇಕು. ಶೇರ್ಡ್ ಮೇಲ್‌ಬಾಕ್ಸ್ ಅಂತ ಸೌಲಭ್ಯ ಇರುವುದು ಇದಕ್ಕೇ. ಅವರವರ ಲಾಗಿನ್‌ನಿಂದಲೇ ಒಂದೇ ಮೇಲ್ ನೋಡಬಹುದು.

ಬೆರಳಚ್ಚಿನ ವಿಷಯ ಬಂದರೆ ಇನ್ನೊಂದು ಅನುಮಾನ. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಒಬ್ಬರು ಕೇಳಿಯೇಬಿಟ್ಟರು, "ನಮ್ಮ ಹೆಬ್ಬೆಟ್ಟು ಕಂಪನಿಗೆ ಯಾಕೆ ಸರ್?" ನ್ಯಾಯವಾದ ಪ್ರಶ್ನೆ. ರೇಷನ್ ಅಂಗಡಿಯಲ್ಲಿ ಥಂಬ್ ಕೊಟ್ಟರೆ ಅದು ಆಧಾರ್ ಸರ್ವರಿಗೆ ಹೋಗಿ ಅಲ್ಲಿ ತಾಳೆಯಾಗುತ್ತದೆ. ಪಾಸ್‌ಕೀಯಲ್ಲಿ ಹಾಗಲ್ಲ. ಬೆರಳು ತಾಳೆಯಾಗುವುದು ನಿಮ್ಮ ಫೋನು ಅಥವಾ ಲ್ಯಾಪ್‌ಟಾಪಿನ ಒಳಗೇ. ಕಂಪನಿಗಾಗಲಿ ಮೈಕ್ರೋಸಾಫ್ಟಿಗಾಗಲಿ ಬೆರಳಚ್ಚು ಹೋಗುವುದಿಲ್ಲ. ಮೆಷಿನ್ ಕೆಲಸದಲ್ಲಿ ಬೆರಳು ಸವೆದವರು ಪಿನ್ ಹಾಕಬಹುದು. ಪಿನ್ನೂ ಪಾಸ್‌ವರ್ಡ್ ಥರವೇ ಅಲ್ವಾ ಅಂತ ಕೇಳಬೇಡಿ. ವಿಂಡೋಸ್ ಹಲೋ ಪಿನ್ ಆ ಒಂದು ಯಂತ್ರಕ್ಕೆ ಮಾತ್ರ. ಯಂತ್ರ ಕೈಯಲ್ಲಿಲ್ಲದೆ ಬರೀ ಪಿನ್ ಇಟ್ಟುಕೊಂಡು ರಷ್ಯಾದಲ್ಲಿ ಕೂತವನು ಏನೂ ಮಾಡಲಾರ.

ಫೋನನ್ನು ಗೇಟಿನಲ್ಲೇ ಇಟ್ಟು ಹೋಗಬೇಕಾದ ಕಾರ್ಖಾನೆಗಳಿವೆ. ಅಲ್ಲಿ ಫೋನ್ ಪಾಸ್‌ಕೀ ಮಾತೇ ಇಲ್ಲ. ಶಿಫ್ಟಿಗೊಬ್ಬರು ಬಂದು ಕೂರುವ ಕಂಪ್ಯೂಟರಿನಲ್ಲಿ ವಿಂಡೋಸ್ ಹಲೋ ಕೂಡ ಒಗ್ಗುವುದಿಲ್ಲ, ಒಂದು ಯಂತ್ರಕ್ಕೆ ಹತ್ತು ಜನರ ಮಿತಿ ಇದೆ. ಅಂಥ ಕಡೆ ಸೆಕ್ಯುರಿಟಿ ಕೀಯೇ ಸರಿ. ಅದರ ದುಡ್ಡು ಕಂಪನಿಯೇ ಕೊಡಬೇಕು, ಸಂಬಳದಲ್ಲಿ ಹಿಡಿಯುವುದಲ್ಲ.

ಒಂದು ಎಚ್ಚರಿಕೆ. ಪಾಸ್‌ವರ್ಡ್ ಇಲ್ಲ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಲಾಗಿನ್ ಖಚಿತಪಡಿಸುವ ಅಥೆಂಟಿಕೇಟರ್ ಆಪ್‌ನಲ್ಲಿ ಕಂಪ್ಯೂಟರ್ ಪರದೆ ಮೇಲಿನ ಎರಡಂಕಿ ನೋಡಿ ಫೋನಿನಲ್ಲಿ ಒತ್ತುವ ವಿಧಾನ ಇದೆಯಲ್ಲ, ಹಳೆಯ "ಅಪ್ರೂವ್" ಬಟನ್‌ಗಿಂತ ಅದು ಎಷ್ಟೋ ವಾಸಿ. 2022ರಲ್ಲಿ ಊಬರ್‌ಗೆ ಕೆಲಸ ಮಾಡುತ್ತಿದ್ದ ಹೊರಗುತ್ತಿಗೆಯವರೊಬ್ಬರಿಗೆ ಮೇಲಿಂದ ಮೇಲೆ ಅಪ್ರೂವ್ ಕೋರಿಕೆ ಬಂದು, ಕೊನೆಗೆ ಅವರು ಒಂದನ್ನು ಒಪ್ಪಿಬಿಟ್ಟಿದ್ದರು. ಆದರೆ ನಕಲಿ ಪುಟ ಆ ಎರಡಂಕಿಯನ್ನೂ ನಿಮಗೆ ತೋರಿಸಿ ಒತ್ತಿಸಿಕೊಳ್ಳಬಹುದು. ಆಪ್ ಅದೇ, ಅದರೊಳಗೇ ಪಾಸ್‌ಕೀ ಇಡುವ ಸೌಲಭ್ಯವೂ ಇದೆ. ಅದನ್ನು ಆರಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಕಳ್ಳ ಬರುವ ದಾರಿ ಒಂದಿದೆ, ಅದು ನನ್ನ ಫೋನು. "ಸರ್, ಫೋನ್ ಕಳೆದುಹೋಯ್ತು, ಅರ್ಜೆಂಟಾಗಿ ಲಾಗಿನ್ ಕೊಡಿ" ಅಂತ ಯಾರೋ ಕರೆ ಮಾಡಿದರೆ? 2025ರಲ್ಲಿ ಬ್ರಿಟನ್ನಿನ ಅಂಗಡಿ ಕಂಪನಿ ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನ ಕಂಪ್ಯೂಟರ್‌ಗಳ ಒಳಗೆ ನುಗ್ಗಿದವರು ಬೇರೊಬ್ಬರಂತೆ ನಟಿಸಿಯೇ ಬಂದಿದ್ದು. ನಷ್ಟ ಸುಮಾರು 30 ಕೋಟಿ ಪೌಂಡ್ ಅಂತ ಕಂಪನಿಯೇ ಅಂದಾಜು ಮಾಡಿತ್ತು. ಅದಕ್ಕೇ ನನ್ನ ನಿಯಮ: ಹೊಸ ಫೋನಿಗೆ ಬೇಕಾದ ತಾತ್ಕಾಲಿಕ ಕೋಡನ್ನು ಮುಖ ನೋಡದೆ ಕೊಡುವುದಿಲ್ಲ. ಊರಿನಲ್ಲಿ ಇಲ್ಲದಿದ್ದರೆ ವಿಡಿಯೋ ಕರೆ, ಪಕ್ಕದಲ್ಲಿ ಅವರ ಮ್ಯಾನೇಜರ್. ಬೈಸಿಕೊಂಡಿದ್ದೇನೆ, ಪರವಾಗಿಲ್ಲ. ಪ್ರತಿಯೊಬ್ಬರಿಗೂ ಎರಡನೇ ಕೀ ಮೊದಲೇ ನೋಂದಾಯಿಸಿಟ್ಟರೆ ಈ ತಾಪತ್ರಯ ಎಷ್ಟೋ ಕಮ್ಮಿ.

ಪಾಸ್‌ಕೀ ಹಾಕಿಸಿ, ಹಳೆಯ ಪಾಸ್‌ವರ್ಡಿನಿಂದಲೂ ಒಳಗೆ ಬರಲು ಬಿಟ್ಟರೆ ಕಳ್ಳ ಹಳೆಯದನ್ನೇ ಕೇಳುತ್ತಾನೆ. ಪಾಸ್‌ಕೀಗೆ ಮೈಕ್ರೋಸಾಫ್ಟಿನಲ್ಲಿ ಬೇರೆ ಲೈಸೆನ್ಸ್ ಬೇಡ. ಆದರೆ ಅದಿಲ್ಲದೆ ಒಳಗೆ ಬಿಡಬೇಡ ಅಂತ ಕಂಡೀಷನಲ್ ಆಕ್ಸೆಸ್ ನಿಯಮ ಹಾಕಲು ಬಿಸಿನೆಸ್ ಪ್ರೀಮಿಯಂನಂಥ ದುಬಾರಿ ಪ್ಲಾನ್ ಬೇಕು. ಇದು ನನಗೆ ಸಿಟ್ಟು ಬರುವ ವಿಷಯ. ಬೀಗ ಪುಕ್ಕಟೆ, ಚಿಲಕಕ್ಕೆ ದುಡ್ಡು! ಎಲ್ಲರಿಗೂ ಆಗದಿದ್ದರೆ ಅಡ್ಮಿನ್‌ಗಳಿಗೂ, ಹಣದ ವ್ಯವಹಾರ ನೋಡುವವರಿಗೂ ಮೊದಲು ಕೊಡಿಸಿ ಅಂತ ಹೇಳುತ್ತಿದ್ದೇನೆ.

ಮಾಲೀಕರು ಕೇಳಿಸಿಕೊಳ್ಳುತ್ತಾರೆ, ತಲೆ ಆಡಿಸುತ್ತಾರೆ. ಆಮೇಲೆ, "ಹುಡುಗರಿಗೆಲ್ಲ ಹಾಕಿಬಿಡಿ. ನನಗೆ ಮಾತ್ರ ಹಳೇದೇ ಇರಲಿ, ಯಾರು ಆ ರಗಳೆ" ಅನ್ನುತ್ತಾರೆ. ಅವರ ಖಾತೆಯೇ ಗ್ಲೋಬಲ್ ಅಡ್ಮಿನ್, ಅಂದರೆ ಎಲ್ಲರ ಖಾತೆಯ ಮೇಲೂ ಅಧಿಕಾರ ಇರುವ ಖಾತೆ. ಪಾಸ್‌ವರ್ಡ್ ದಸರಾ@2024. ಮರುವರ್ಷ ಬದಲಾಯಿಸಿ ಅಂದಿದ್ದಕ್ಕೆ ದಸರಾ@2025 ಮಾಡಿದರು. ಹಾಗಾಗಿ ಈಗ ಯಾವ ಆಫೀಸಿನಲ್ಲಿ ಕೆಲಸ ಒಪ್ಪಿಕೊಂಡರೂ ಮೊದಲ ಕೀ ಮಾಲೀಕರ ಖಾತೆಗೇ ಹಾಕುತ್ತೇನೆ. ಅದು ಆಗದಿದ್ದರೆ ಉಳಿದವರ ಕಂಪ್ಯೂಟರ್ ಮುಟ್ಟುವುದಿಲ್ಲ.