ನೆನೆಸಿದ್ದು ಯಾರು ಮಾರಾಯ್ರೆ?

ನಿನ್ನೆ ಮಧ್ಯಾಹ್ನದ ಬಿಕ್ಕಳಿಕೆ ಹೋದರೂ ಅದರ ಸಿಟ್ಟು ಹೋಗಿಲ್ಲ. ತಪ್ಪು ನನ್ನದೇ. ಕೋರಿ ರೊಟ್ಟಿ ಸಾರಿನಲ್ಲಿ ನೆನೆಯುವಷ್ಟು ಹೊತ್ತು ಕಾಯಲಾಗದೆ ಒಣ ಒಣ ರೊಟ್ಟಿಯನ್ನೇ ಕರುಂ ಕರುಂ ಅಗಿದು, ಮೇಲಿಂದ ಖಾರ ಸಾರು ಸುರಿದುಕೊಂಡೆ. ಮೂರನೇ ತುತ್ತಿಗೆ ಹಿಕ್!

“ಯಾರೋ ನೆನೆಸ್ತಾ ಇದ್ದಾರೆ” ಎಂದರು ದೊಡ್ಡಮ್ಮ. ರೊಟ್ಟಿಯನ್ನು ನೆನೆಸದ್ದೇ ಕಾರಣ ಎಂದರೆ ಕೇಳುವವರಲ್ಲ.

ಎದೆಗೂ ಹೊಟ್ಟೆಗೂ ನಡುವೆ ವಪೆ ಅಂತ ಒಂದು ಸ್ನಾಯುವಿನ ಪರದೆ ಉಂಟು. ಗಬಗಬ ತಿಂದು ಹೊಟ್ಟೆ ಉಬ್ಬಿದರೆ, ಖಾರ ತಾಗಿದರೆ ಅದರ ನರ ಕೆರಳುತ್ತದೆ. ವಪೆ ಪಕ್ಕನೆ ಸೆಟೆದು ಗಾಳಿಯನ್ನು ಒಳಗೆಳೆಯುತ್ತದೆ. ಸುಮಾರು 35 ಮಿಲಿಸೆಕೆಂಡಿನಲ್ಲಿ ಗಂಟಲಿನ ಧ್ವನಿತಂತುಗಳು ದಾರಿ ಮುಚ್ಚುತ್ತವೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಒಂದು ಕಾಲು ಫುಟ್‌ಬೋರ್ಡಿನಲ್ಲಿರುವಾಗಲೇ ಕಂಡಕ್ಟರ್ “ರೈಟ್ ಪೋಯಿ” ಅನ್ನುವುದಿಲ್ಲವಾ, ಹಾಗೆ. ಆ ಮುಚ್ಚಿದ ಸದ್ದೇ ಹಿಕ್.

“ವಪೆಯೂ ಇಲ್ಲ, ಗಿಪೆಯೂ ಇಲ್ಲ. ಸರಿಯಾದ ಹೆಸರು ಹೇಳಿದ್ರೆ ನಿಲ್ತದೆ” ಎಂದು ದೊಡ್ಡಮ್ಮ ಎದುರಿಗೆ ಕೂತು, ದಕ್ಕೆಯಲ್ಲಿ ಮೀನು ಏಲಂ ಕೂಗುವ ಹಾಗೆ ಶುರು ಮಾಡಿದರು.

“ಬೊಂಬಾಯಿ ಮಾವ?”

ಹಿಕ್.

“ದುಬಾಯಿ ಭಾವ? ಛೆ, ಅವನೆಂತ ನೆನೆಸುವುದು, ಊರಿಗೆ ಬಂದ್ರೆ ಫೋನ್ ಮಾಡುವ ಅಭ್ಯಾಸ ಇಲ್ಲ.”

ಹಿಕ್.

“ಮೂಡುಬಿದಿರೆ ಅತ್ತೆ?”

ಸದ್ದಿಲ್ಲ. ದೊಡ್ಡಮ್ಮನ ಮುಖ ಅರಳಿತು. “ನೋಡಿದಿಯಾ?”

ಹಿಕ್.

“ಅರ್ಧ ನೆನೆಸಿ ಬಿಟ್ಟಿರಬೇಕು” ಎಂದು ಮುಂದಿನ ಹೆಸರಿಗೆ ಹೋದರು. ಹಾಲಿನವ, ವಿಮೆ ಏಜೆಂಟ, ಐದನೇ ಕ್ಲಾಸಿನ ಟೀಚರ್. “ಯಾರಿಗಾದ್ರೂ ಹಣ ಕೊಡ್ಲಿಕ್ಕೆ ಉಂಟಾ ನೀನು?” ನಾನು ಕೋಳಿಯ ಕಾಲನ್ನೇ ನೋಡುತ್ತಾ ಕೂತೆ.

ಅಮೆರಿಕದ ಅಯೋವಾದಲ್ಲಿ ಚಾರ್ಲ್ಸ್ ಆಸ್ಬೋರ್ನ್ ಎಂಬವನಿಗೆ 1922ರಲ್ಲಿ ಹಿಡಿದ ಬಿಕ್ಕಳಿಕೆ ನಿಂತದ್ದು 1990ರಲ್ಲಿ, 68 ವರ್ಷ ಎಂದು ಹೇಳಿದೆ, ಬಿಕ್ಕುತ್ತಾ. ದೊಡ್ಡಮ್ಮ ಒಂದು ಕ್ಷಣ ಸುಮ್ಮನಾದರು.

“ಪಾಪ. ಅಷ್ಟು ವರ್ಷ ನೆನೆಸಿದವಳು ಯಾರಾ ಏನಾ.”

ಆಗ ನೆನಪಾಯಿತು. ಮೊದಲೆಲ್ಲ ಈ ಏಲಂ ಶುರುವಾಗುತ್ತಿದ್ದದ್ದೇ ಅಮ್ಮನಿಂದ. ಹೋದ ವರ್ಷದಿಂದ ದೊಡ್ಡಮ್ಮ ಆ ಹೆಸರನ್ನು ದಾಟಿ ನೇರ ಬೊಂಬಾಯಿಗೆ ಹೋಗುತ್ತಾರೆ. ನಾನೂ ಕೇಳಲಿಲ್ಲ. ಹಿಕ್.

ಉಸಿರು ಬಿಗಿಹಿಡಿದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ವಪೆ ತೆಪ್ಪಗಾಗಬಹುದಂತೆ. ಅಷ್ಟರಲ್ಲಿ ಬೆಲ್ ಆಯಿತು. ಎಂಜಲು ಕೈಯಲ್ಲೇ ಹೋಗಿ ನೋಡಿದರೆ ಕರೆಂಟು ಬಿಲ್ಲಿನವ, ಎರಡು ತಿಂಗಳ ಬಾಕಿ ಸೇರಿಸಿ ಉದ್ದದ ಚೀಟಿ ಕೊಟ್ಟ. ಮೊತ್ತ ನೋಡಿ ಬಾಯಿ ತೆರೆದೆ. ಹಿಕ್ ಬರಲಿಲ್ಲ.

ಒಳಗಿನಿಂದ ದೊಡ್ಡಮ್ಮ: “ನಿಂತಿತಾ? ಯಾರು ಮಗಾ ಅದು?”