ಓಬವ್ವ ರಾಣಿಯಲ್ಲ, ಎದುರಿಗಿದ್ದವರು ಬ್ರಿಟಿಷರೂ ಅಲ್ಲ

ನವೆಂಬರ್ 11ರ ಓಬವ್ವ ಜಯಂತಿ ಹತ್ತಿರವಾಗುತ್ತಿದ್ದಂತೆ ‘ಬ್ರಿಟಿಷರನ್ನು ಬಗ್ಗುಬಡಿದ ಚಿತ್ರದುರ್ಗದ ರಾಣಿ ಓಬವ್ವ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಓಡಾಡುತ್ತಿದೆ. ಕೈಯಲ್ಲಿ ಕತ್ತಿ, ಮೈತುಂಬ ಒಡವೆ ಇರುವ ಚಿತ್ರ ಬೇರೆ. ದುರ್ಗದವರೇ ಇದನ್ನು ಹಂಚುತ್ತಿರುವುದರಿಂದ ಈ ಸ್ಪಷ್ಟನೆ.

ಓಬವ್ವ ಕೋಟೆಯ ಕಾವಲುಗಾರ ಕಹಳೆ ಮುದ್ದಹನುಮನ ಹೆಂಡತಿ. ಆಗ ದುರ್ಗವನ್ನು ಆಳುತ್ತಿದ್ದವನು ಮದಕರಿನಾಯಕ. ಮುತ್ತಿಗೆ ಹಾಕಿದ್ದು ಹೈದರಾಲಿಯ ಸೈನ್ಯ. ಕೊನೆಗೆ ಕೋಟೆ ಅವನ ವಶವಾದದ್ದು 1779ರಲ್ಲಿ. ಈ ಕಥೆಯಲ್ಲಿ ಬ್ರಿಟಿಷರಿಗೆ ಜಾಗವೇ ಇಲ್ಲ.

ಇನ್ನು ಕತ್ತಿಯ ಮಾತು. ಜನ ಹೇಳುತ್ತ ಬಂದಿರುವಂತೆ, ಗಂಡ ಊಟಕ್ಕೆ ಕುಳಿತಿದ್ದ, ಓಬವ್ವ ನೀರಿಗೆಂದು ಹೋಗಿದ್ದಳು. ಶತ್ರುಗಳು ಕಿಂಡಿಯಲ್ಲಿ ನುಸುಳುವ ಸದ್ದು ಕೇಳಿ ಒನಕೆ ಹಿಡಿದು ನಿಂತಳು. ಆ ಕಿಂಡಿಯನ್ನು ನೋಡಿದವರಿಗೆ ಗೊತ್ತು: ಒಬ್ಬೊಬ್ಬರೇ, ಅದೂ ಬಗ್ಗಿ, ತಲೆ ಮುಂದೆ ಮಾಡಿಕೊಂಡೇ ಒಳಗೆ ಬರಬೇಕು. ದಿನವೂ ಧಾನ್ಯ ಕುಟ್ಟಿ ಪಳಗಿದ ತೋಳಿಗೆ ಒನಕೆಯ ಪೆಟ್ಟು ಹೊಸದಲ್ಲ. ಆಕೆಯನ್ನು ರಾಣಿ ಮಾಡಿದರೆ ಈ ತೋಳೇ ಕಥೆಯಿಂದ ಮಾಯವಾಗುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಅದೇ ಸಂದೇಶದ ಕೊನೆಯ ಸಾಲು: ‘ಇಂದಿಗೂ ಸೇನೆಯಲ್ಲಿ ಹೆಣ್ಣುಮಕ್ಕಳಿಗೆ ಡಾಕ್ಟರ್, ನರ್ಸ್ ಕೆಲಸ ಮಾತ್ರ.’ ಇದೂ ತಪ್ಪು. 1992ರಿಂದ ಅವರು ಇತರ ವಿಭಾಗಗಳಲ್ಲೂ ಅಧಿಕಾರಿಗಳಾಗಿದ್ದಾರೆ. ಕಾಯಂ ಸೇವೆಯ ಹಕ್ಕನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು. ಸೇನಾ ಪೊಲೀಸ್ ದಳದ ಮೊದಲ ಮಹಿಳಾ ಸೈನಿಕರ ತಂಡ 2021ರಲ್ಲಿ ತರಬೇತಿ ಮುಗಿಸಿದ್ದು ನಮ್ಮ ಬೆಂಗಳೂರಿನಲ್ಲೇ.