ಮೂರು ಕೆಜಿ ನಿಘಂಟು

ನನ್ನ ಹೆಂಡತಿ ಬನಶಂಕರಿಯಿಂದ ಗಾಂಧಿ ಬಜಾರಿಗೆ ಹೋಗಿ ಹಾಗಲಕಾಯಿ ತರುತ್ತಾಳೆ. ನಮ್ಮ ಬೀದಿಯ ತಳ್ಳುಗಾಡಿಯಲ್ಲೂ ಸಿಗುತ್ತದೆ. ಆದರೆ ಅಲ್ಲಿ ಕೆಜಿಗೆ 5 ರೂಪಾಯಿ ಕಮ್ಮಿಯಂತೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸೂ ಪುಕ್ಕಟೆ. ಮೊನ್ನೆ ಅರ್ಧ ಕೆಜಿ ಹಾಗಲಕಾಯಿ ಜೊತೆಗೆ 900 ರೂಪಾಯಿಯ ಸ್ಟೀಲ್ ಡಬ್ಬಿಗಳೂ ಬಂದವು.

"ಇದೇನೇ ಇದು?" ಅಂದೆ.

"ಬಸ್ ಚಾರ್ಜು ಉಳೀತಲ್ಲ ರೀ!"

ನನಗೋ ಚೌಕಾಸಿ ಅಂದರೆ ಸಂಕೋಚ. ಸೊಪ್ಪಿನಮ್ಮ 20 ಅಂದರೆ 20. ಆದರೆ "ಜಾಸ್ತಿ ತಗೊಂಡ್ರೆ ಕಮ್ಮಿ ಮಾಡ್ಕೊಡ್ತೀನಿ ಸಾರ್" ಅಂದುಬಿಟ್ಟರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಕೆಜಿ ಅವರೆಕಾಯಿ ತನ್ನಿ ಅಂದಿದ್ದಳು. ಗಾಡಿಯವನು ಕೆಜಿಗೆ 60, ಐದು ಕೆಜಿಗೆ 200 ಅಂದ. ನೂರು ರೂಪಾಯಿ ಉಳಿಸಿದ ಗತ್ತಿನಲ್ಲಿ ಚೀಲ ಹೊತ್ತು ತಂದೆ. ಅವಳು ಏನೂ ಬೈಯಲಿಲ್ಲ. ಹಾಲ್‌ನಲ್ಲಿ ಪೇಪರ್ ಹಾಸಿ, ಅಷ್ಟನ್ನೂ ಸುರಿದು, "ಸುಲೀರಿ" ಅಂದಳು. ರಾತ್ರಿ ಹನ್ನೊಂದೂವರೆಗೆ ನನ್ನ ಉಗುರುಗಳು ಕಪ್ಪಾಗಿದ್ದವು. ಒಂದು ಹಸಿರು ಹುಳು ಆರಾಮಾಗಿ ನನ್ನ ಮೊಣಕಾಲು ಹತ್ತುತ್ತಿತ್ತು. ಆಮೇಲೆ ಕಾಳು ನೆನೆಸಿ, ಒಂದೊಂದನ್ನೇ ಹಿತುಕುವ ಕೆಲಸವೂ ನನ್ನದೇ ಆಯಿತು. ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಅವರೆಕಾಳು ಹಾಕಿದ ಅಕ್ಕಿ ರೊಟ್ಟಿ. ನಾಲ್ಕನೇ ದಿನ ಮಗ ತಟ್ಟೆ ನೋಡಿ, "ನಂಗೆ ಇವತ್ತು ಉಪವಾಸ" ಅಂದ.

ಇಂಥ ನಾನು ದುಡ್ಡು ಉಳಿಸಲು ಹೊರಟದ್ದೇ ಒಂದು ಕಥೆ. 2016ರ ನವೆಂಬರ್ 8ರ ರಾತ್ರಿ, 500 ಮತ್ತು 1000ದ ನೋಟು ನಡುರಾತ್ರಿಯಿಂದ ನಡೆಯುವುದಿಲ್ಲ ಅಂತ ಟಿವಿಯಲ್ಲಿ ಬಂತಲ್ಲ, ನಾನು ಪರ್ಸ್ ನೋಡಿಕೊಂಡೆ. ಒಂದೇ ಒಂದು 500ರ ನೋಟು. ನಿಶ್ಚಿಂತೆ ಆಯಿತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು. ಸಾಸಿವೆ ಡಬ್ಬಿ, ಮೆಂತ್ಯದ ಡಬ್ಬಿ, ಕೊನೆಗೆ ಹೆಸರುಬೇಳೆ ಹಿಂದೆ ಅಡಗಿ ಕೂತಿದ್ದ ಇಂಗಿನ ಡಬ್ಬಿ. ಎಲ್ಲದರಿಂದಲೂ ಸುರುಳಿ ಸುತ್ತಿದ ನೋಟುಗಳು ಬಂದವು. ಎಣಿಸಿದರೆ 27. ಎಲ್ಲಾ 500ರವು.

"ಇಷ್ಟು ದುಡ್ಡು ಎಲ್ಲಿಂದ ಬಂತು?"

"ನೀವೇ ಕೊಟ್ಟಿದ್ದು. ನೀವು ಚಿಲ್ಲರೆ ವಾಪಸ್ ಕೇಳಲ್ವಲ್ಲ, ಅದು."

ಆ ವರ್ಷ ಮನೆಯಲ್ಲಿ ದುಡ್ಡಿಲ್ಲ ಅಂತ ಆಫೀಸಿನ ಗೆಳೆಯನ ಹತ್ತಿರ ಎರಡು ಸಲ ಸಾಲ ತಂದಿದ್ದೆ. ಹೋಗಲಿ ಬಿಡಿ. ಆ ನೋಟುಗಳನ್ನು ಡಿಸೆಂಬರ್ 30ರೊಳಗೆ ಕಟ್ಟಬೇಕಿತ್ತು, ಬ್ಯಾಂಕಿನ ಕ್ಯೂನಲ್ಲಿ ಮೂರು ಗಂಟೆ ನಿಂತೆ. ಹಿಂದಿದ್ದ ಹಿರಿಯರು ಮೂಗು ಅರಳಿಸಿ, "ಯಾರೋ ರಸಂ ತಂದವ್ರೆ" ಅಂದರು.

ಅವಳಿಗಿಂತ ನಾನೇನು ಕಮ್ಮಿ ಅನ್ನಿಸಿತು. ಹೊಸ 2000ದ ನೋಟು ಬಂದಾಗ ಒಂದೊಂದಾಗಿ ಮೂರು ತೆಗೆದಿಟ್ಟೆ. ಅಡುಗೆಮನೆ ಅವಳ ರಾಜ್ಯ. ಹಾಗಾಗಿ ನನ್ನ ಪುಸ್ತಕದ ಕಪಾಟಿನಲ್ಲಿದ್ದ ಹಳೇ ದಪ್ಪ ನಿಘಂಟಿನಲ್ಲಿ ಬಚ್ಚಿಟ್ಟೆ. ಆ ಪುಸ್ತಕವನ್ನು ಈ ಮನೆಯಲ್ಲಿ ಯಾರು ಮುಟ್ಟುತ್ತಾರೆ? ಎಷ್ಟು ಗಟ್ಟಿಯಾಗಿ ಬಚ್ಚಿಟ್ಟೆನೆಂದರೆ ನಾನೇ ಮರೆತೆ.

2023ರ ಮೇ ತಿಂಗಳಲ್ಲಿ 2000ದ ನೋಟು ವಾಪಸ್ ತಗೊಳ್ತಾರೆ ಅಂತ ಸುದ್ದಿ ಬಂದಾಗ ನೆನಪಾಯಿತು. ಕಪಾಟಿಗೆ ಓಡಿದೆ. ನಿಘಂಟು ಇದ್ದ ಜಾಗದಲ್ಲಿ ಒಂದು ಹೂದಾನಿ ಕೂತಿತ್ತು.

"ಆ ಹಳೇ ಪುಸ್ತಕಾನಾ?" ಅಂತ ಅಡುಗೆಮನೆಯಿಂದಲೇ ಉತ್ತರ ಬಂತು. "ಯುಗಾದಿಗೆ ಮನೆ ಕ್ಲೀನ್ ಮಾಡ್ದಾಗ ರದ್ದಿಗೆ ಹಾಕ್ದೆ. ಅವನು ಕೆಜಿಗೆ 12 ಅಂದ. ಬಿಡ್ತೀನಾ? 14 ಮಾಡಿಸ್ದೆ. ಅದೊಂದೇ ಮೂರು ಕೆಜಿ ತೂಗ್ತು ರೀ! ನಲವತ್ತೆರಡು ರೂಪಾಯಿ!"

ಅವಳ ಮುಖದಲ್ಲಿ ನನ್ನ ಅವರೆಕಾಯಿ ದಿನದ ಗತ್ತೇ ಇತ್ತು. ಕಪಾಟು ಹಿಡಿದುಕೊಂಡು ಅಲ್ಲೇ ಕೂತೆ.

"ಯಾಕ್ರೀ, ಅದರಲ್ಲಿ ಏನಿತ್ತು?"

"ಏನಿಲ್ಲ," ಅಂದೆ. "ಪದಗಳು."